ಕೆಂಗಲ್ ಸುತ್ತಮುತ್ತ ಒಂದು ದಿನ: ಬಂಡೆ, ಗೂಡು, ಗೊಂಬೆಗಳ ಸೀಮೆ

ರಾಮನಗರ: ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಸಿಗುವ ಪುಟ್ಟ ಕ್ಷೇತ್ರ ಕೆಂಗಲ್. ಇದರ ಆಸುಪಾಸಿನ ಸುಮಾರು 20 ಕಿ.ಮೀ. ಅಂತರದೊಳಗೆ ರಣಹದ್ದುಗಳ ಬೆಟ್ಟ, ರೇಷ್ಮೆಗೂಡಿನ ಮಾರುಕಟ್ಟೆ, ಜಾನಪದ ವಸ್ತುಸಂಗ್ರಹಾಲಯ, ಗೊಂಬೆ ಕುಶಲಕರ್ಮಿಗಳ ಕೇರಿ ಮತ್ತು ಪುರಾತನ ದೇವಾಲಯಗಳಿವೆ. ಬೆಳಿಗ್ಗೆ ಬೇಗ ಹೊರಟರೆ ಸಂಜೆಯೊಳಗೆ ಇಷ್ಟನ್ನೂ ನೋಡಿ ಬರಬಹುದು. ಆದರೆ ಈ ಪ್ರವಾಸಕ್ಕೆ ಈಗ ಮೊದಲಿಗಿಂತ ಹೆಚ್ಚಿನ ಸಂಕಲ್ಪ ಬೇಕು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯು ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳನ್ನು ಬೈಪಾಸ್ ಮೂಲಕ ಬಳಸಿಕೊಂಡು ಸಾಗುತ್ತದೆ. ಮೈಸೂರಿಗೆ ಹೋಗುವ ದಾರಿಯಲ್ಲಿ ತಾನಾಗಿಯೇ ಎದುರಾಗುತ್ತಿದ್ದ ತಾಣಗಳಿಗೆ ಈಗ ಬೇಕೆಂದೇ ಹಳೆಯ ರಸ್ತೆಗೆ ಇಳಿದು ಬರಬೇಕಾಗಿದೆ.

ಊರಿನ ಹೆಸರುಗಳು

ರಾಮನಗರಕ್ಕೆ ಟಿಪ್ಪು ಸುಲ್ತಾನನ ಕಾಲದಲ್ಲಿ ಶಂಸೇರಾಬಾದ್ ಎಂಬ ಹೆಸರಿತ್ತು. ಬ್ರಿಟಿಷರ ಕಾಲದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ನೆನಪಿನಲ್ಲಿ ಅದು ಕ್ಲೋಸ್‌ಪೇಟೆಯಾಯಿತು. ಭೂವಿಜ್ಞಾನಿಗಳು ಇಲ್ಲಿನ ಗ್ರಾನೈಟ್ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆ ರಚಿಸಲಾಯಿತು. 2025ರಲ್ಲಿ ಸರ್ಕಾರ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಿತು. ಜಿಲ್ಲಾ ಕೇಂದ್ರ ರಾಮನಗರವೇ ಆಗಿ ಉಳಿದಿದೆ.

ಮುಂಜಾನೆ: ರಾಮದೇವರ ಬೆಟ್ಟ

ದಿನದ ಆರಂಭಕ್ಕೆ ಸೂಕ್ತ ತಾಣ ರಾಮದೇವರ ಬೆಟ್ಟ. 1975ರಲ್ಲಿ ತೆರೆಕಂಡ ಹಿಂದಿ ಚಿತ್ರ 'ಶೋಲೆ'ಯ ರಾಮಗಢ ಗ್ರಾಮದ ಸೆಟ್ ಹಾಕಿದ್ದು ಈ ಬೆಟ್ಟದ ತಪ್ಪಲಿನಲ್ಲಿ. ಹೊರಗಿನಿಂದ ಬರುವ ಬಹುತೇಕರು ಕೇಳುವುದು ಅದನ್ನೇ. ಸೆಟ್ ಕಣ್ಮರೆಯಾಗಿ ದಶಕಗಳೇ ಕಳೆದಿವೆ. ಬಂಡೆಗಳು ಮಾತ್ರ ಹಾಗೆಯೇ ಇವೆ.

ಬೆಟ್ಟದ ನಿಜವಾದ ಮಹತ್ವ ಇರುವುದು ಅದರ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳಿಂದ. ಜಾನುವಾರುಗಳಿಗೆ ನೀಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧದ ಅಂಶ ಕಳೇಬರಗಳ ಮೂಲಕ ಹದ್ದುಗಳ ದೇಹ ಸೇರಿ, ಮೂತ್ರಪಿಂಡಗಳು ವಿಫಲವಾಗಿ ಅವು ಸಾಯುತ್ತಿದ್ದವು. ಹೀಗೆ 1990ರ ದಶಕದಿಂದ ದೇಶದಾದ್ಯಂತ ರಣಹದ್ದುಗಳ ಸಂತತಿ ಕುಸಿಯಿತು. 2006ರಲ್ಲಿ ಜಾನುವಾರುಗಳಿಗೆ ಈ ಔಷಧದ ಬಳಕೆಯನ್ನು ಭಾರತ ನಿಷೇಧಿಸಿತು. 2012ರಲ್ಲಿ ಬೆಟ್ಟದ ಸುತ್ತಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆಯಾದ್ದರಿಂದ ಒಂದು ಮರಿ ಕೈತಪ್ಪಿದರೂ ಆ ಗೂಡಿಗೆ ಆ ವರ್ಷ ವ್ಯರ್ಥ. ಬೆಟ್ಟದ ಮೇಲಿನ ಪಟ್ಟಾಭಿರಾಮ ದೇವಾಲಯಕ್ಕೆ ಹೋಗುವ ಭಕ್ತರೂ ಪ್ರವಾಸಿಗರೂ ಗದ್ದಲ ಮಾಡದೆ ಮೆಟ್ಟಿಲು ಹತ್ತುವುದು ಈ ಹಕ್ಕಿಗಳಿಗೆ ಮಾಡುವ ದೊಡ್ಡ ಉಪಕಾರ.

ಗೂಡಿನ ಮಾರುಕಟ್ಟೆ

ಬೆಟ್ಟದಿಂದ ಇಳಿದ ನಂತರ ಪಟ್ಟಣದೊಳಗಿನ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಬರಬಹುದು. ಇದು ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾಗಿದೆ. ರೈತರು ತಂದು ಸುರಿದ ಗೂಡನ್ನು ರೀಲರುಗಳು ಕೈಯಲ್ಲಿ ಹಿಡಿದು, ಅಲುಗಿಸಿ ನೋಡಿ ದರ ಕೂಗುತ್ತಾರೆ. ಇಲ್ಲಿನ ಅವಸರಕ್ಕೆ ಕಾರಣವಿದೆ. ಗೂಡಿನೊಳಗಿನ ಕೋಶ ಜೀವಂತವಾಗಿರುತ್ತದೆ. ಕೆಲವೇ ದಿನಗಳಲ್ಲಿ ಅದು ಪತಂಗವಾಗಿ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ಕಡಿದುಹೋಗಿ, ನೂಲು ಬಿಚ್ಚಲು ಗೂಡು ಉಪಯೋಗಕ್ಕೆ ಬಾರದು. ಆದ್ದರಿಂದ ಬೆಲೆ ಕುಸಿದಿದೆಯೆಂದು ರೈತ ಗೂಡನ್ನು ಮನೆಗೆ ಹಿಂದಕ್ಕೆ ಒಯ್ದು ಕಾಯುವಂತಿಲ್ಲ. ಬಾಯಿಮಾತಿನ ಹರಾಜಿನ ಜಾಗಕ್ಕೆ ಇ-ಹರಾಜು ಬಂದು ಗದ್ದಲ ತಗ್ಗಿದೆ. ಆದರೂ ಆ ದಿನದ ದರ ತಿಳಿಯುವವರೆಗೆ ರೈತನ ಮುಖದ ಆತಂಕ ತಗ್ಗಿಲ್ಲ. ಇಲ್ಲಿ ಪ್ರವಾಸಿಗರು ವಹಿವಾಟಿಗೆ ಅಡ್ಡಿಯಾಗದಂತೆ ನಿಂತು ನೋಡಬೇಕು.

ಜಾನಪದ ಲೋಕ

ರಾಮನಗರ ದಾಟಿ ಚನ್ನಪಟ್ಟಣದತ್ತ ಸಾಗಿದರೆ ಜಾನಪದ ಲೋಕ ಸಿಗುತ್ತದೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು (1915-2005) 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಪರಿಷತ್ತಿನ ಆಶ್ರಯದಲ್ಲಿ 15 ಎಕರೆ ಪ್ರದೇಶದಲ್ಲಿ ರೂಪುಗೊಂಡ ಲೋಕ 1994ರಲ್ಲಿ ಉದ್ಘಾಟನೆಯಾಯಿತು. ವಿದೇಶಿ ಯಾತ್ರಿಕರ ಬರಹಗಳನ್ನು ಕನ್ನಡಕ್ಕೆ ತಂದ 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳ ಕರ್ತೃವೂ ಇವರೇ. ಟೇಪ್‌ರೆಕಾರ್ಡರ್ ಹಿಡಿದು ಹಳ್ಳಿಹಳ್ಳಿ ಸುತ್ತಿ, ಹಾಡುವವರ ಕಂಠದಿಂದಲೇ ಪದಗಳನ್ನು ಧ್ವನಿಮುದ್ರಿಸಿಕೊಂಡ ಅವರ ಶ್ರಮ ಈ ಸಂಸ್ಥೆಯ ಬುನಾದಿ.

ಲೋಕಮಹಲ್‌ನಲ್ಲಿ ಮುಖವಾಡ, ತೊಗಲು ಗೊಂಬೆ, ಯಕ್ಷಗಾನದ ವೇಷಭೂಷಣ ಮತ್ತು ಜನಪದ ವಾದ್ಯಗಳಿವೆ. ಲೋಕಮಾತಾ ಮಂದಿರದಲ್ಲಿ ಮನೆಬಳಕೆಯ ವಸ್ತುಗಳು, ಶಿಲ್ಪಮಾಳದಲ್ಲಿ ವೀರಗಲ್ಲು ಮಾಸ್ತಿಗಲ್ಲುಗಳು, ಆಯಗಾರರ ಮಾಳದಲ್ಲಿ ಹಳ್ಳಿಯ ಕಸುಬುದಾರರ ಬದುಕಿನ ಪರಿಕರಗಳಿವೆ. ಬೀಸುವ ಕಲ್ಲನ್ನಾಗಲೀ ಕೂರಿಗೆಯನ್ನಾಗಲೀ ಕಂಡಿರದ ಮಕ್ಕಳಿಗೆ ವಿವರಿಸಿ ಹೇಳುವವರು ಜೊತೆಗಿರುವುದು ಅಗತ್ಯ. ಹಾಗಿಲ್ಲದಿದ್ದರೆ ಇದು ಕೇವಲ ಹಳೆಯ ಸಾಮಾನುಗಳ ರಾಶಿಯಂತೆ ಕಂಡೀತು. ಲೋಕೋತ್ಸವ ಮತ್ತು ಗಾಳಿಪಟ ಉತ್ಸವದ ದಿನಗಳಲ್ಲಿ ಬಂದವರಿಗೆ ಕಲಾವಿದರನ್ನೂ ನೇರವಾಗಿ ಕಾಣುವ ಅವಕಾಶವಿದೆ. ಕನಿಷ್ಠ ಎರಡು ಗಂಟೆ ಇಲ್ಲಿಗೆ ಮೀಸಲಿಡುವುದು ಒಳಿತು.

ಕೆಂಗಲ್ ಆಂಜನೇಯ

ಕೆಂಪು ಕಲ್ಲಿನಲ್ಲಿ ಮೂಡಿದ ಆಂಜನೇಯನಿಂದಾಗಿ ಕ್ಷೇತ್ರಕ್ಕೆ ಕೆಂಗಲ್ ಎಂಬ ಹೆಸರು ಬಂತೆಂಬುದು ಜನರ ನಂಬಿಕೆ. ಅಯ್ಯನಗುಡಿ ಎಂದೂ ಕರೆಯುವ ಇಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ದನಗಳ ಜಾತ್ರೆ ಪ್ರಸಿದ್ಧ. ಈ ಸೀಮೆಯ ಹಳ್ಳಿಕಾರ್ ಎತ್ತುಗಳ ಜೋಡಿಗಳನ್ನು ಸಿಂಗರಿಸಿ ತರುವುದನ್ನು ರೈತರು ಇಂದಿಗೂ ಅಭಿಮಾನದ ವಿಷಯವೆಂದು ಭಾವಿಸುತ್ತಾರೆ.

ಕ್ಷೇತ್ರದ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದವರು ಕೆಂಗಲ್ ಹನುಮಂತಯ್ಯ. 1908ರಲ್ಲಿ ರಾಮನಗರ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಜನಿಸಿದ ಅವರು 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ವಿಧಾನಸೌಧ ಇಂದಿನ ಭವ್ಯ ರೂಪ ಪಡೆದದ್ದು ಅವರ ಅವಧಿಯಲ್ಲೇ.

ಗೊಂಬೆಗಳ ಊರು

ಊಟದ ನಂತರದ ಹೊತ್ತು ಚನ್ನಪಟ್ಟಣಕ್ಕೆ. ಇಲ್ಲಿನ ಅರಗಿನ ಬಣ್ಣದ ಗೊಂಬೆಗಳಿಗೆ ಸಾಂಪ್ರದಾಯಿಕವಾಗಿ ಬಳಸುವುದು ಹಾಲೆ ಮರ. ಚೆನ್ನಾಗಿ ಒಣಗಿಸಿದ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡುತ್ತಾರೆ. ನಂತರ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದರ ಮೇಲೆ ಒತ್ತಿ ಹಿಡಿಯುತ್ತಾರೆ. ತಿರುಗುವ ಮರದ ಘರ್ಷಣೆಯ ಬಿಸಿಗೆ ಅರಗು ಕರಗಿ ಮೈಗೆ ಅಂಟುತ್ತದೆ. ಒಣಗಿದ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಕುಂಚದ ಬಳಕೆ ಕಣ್ಣು ಮೂಗು ಬರೆಯುವ ಹಂತದಲ್ಲಿ ಮಾತ್ರ.

ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆ ಕಲಿಸಿದನೆಂಬುದು ಪ್ರತೀತಿ. 2005-06ನೇ ಸಾಲಿನಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2015ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದೆಹಲಿಯಲ್ಲೂ ಮೆರೆಯಿತು. ಇಷ್ಟಾದರೂ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯಿಂದ ಕಸುಬು ಚೇತರಿಸಿಕೊಳ್ಳುತ್ತಿದ್ದ ಹೊತ್ತಿಗೆ ಬೈಪಾಸ್ ಹೊಸ ಪೆಟ್ಟು ನೀಡಿದೆ. ಹಳೆಯ ಹೆದ್ದಾರಿಯ ಇಕ್ಕೆಲಗಳ ಗೊಂಬೆ ಅಂಗಡಿಗಳು ನೆಚ್ಚಿಕೊಂಡಿದ್ದುದು ದಾರಿಹೋಕರ ಕಾರು ಬಸ್ಸುಗಳನ್ನೇ. ಅಂಗಡಿಯಲ್ಲಿ ಕೊಳ್ಳುವ ಮೊದಲು ಕಲಾನಗರದ ಕಡೆಗೆ ಹೋಗಿ ಕೆಲಸವನ್ನು ಕಣ್ಣಾರೆ ನೋಡಿದವರು ಚೌಕಾಸಿಗೆ ಇಳಿಯುವುದು ಕಡಿಮೆ.

ಸಂಜೆ: ದೊಡ್ಡಮಳೂರು

ಚನ್ನಪಟ್ಟಣದಿಂದ ಮದ್ದೂರಿನತ್ತ ಸುಮಾರು ಮೂರು ಕಿ.ಮೀ. ದೂರದಲ್ಲಿ ದೊಡ್ಡಮಳೂರಿನ ಅಪ್ರಮೇಯ ದೇವಾಲಯವಿದೆ. ಇಲ್ಲಿನ ಅಂಬೆಗಾಲು ನವನೀತಕೃಷ್ಣನ ವಿಗ್ರಹ ಅಪರೂಪದ್ದು. ಪುರಂದರದಾಸರು 'ಜಗದೋದ್ಧಾರನ' ಕೃತಿ ರಚಿಸಿದ್ದು ಈ ಕೃಷ್ಣನನ್ನು ಕಂಡೇ ಎಂಬ ಐತಿಹ್ಯವಿದೆ. ಸಂತಾನ ಬಯಸುವ ದಂಪತಿಗಳು ಹರಕೆ ಹೊತ್ತು ತೊಟ್ಟಿಲು ಒಪ್ಪಿಸುವ ಪದ್ಧತಿ ಇಂದಿಗೂ ಇದೆ. ಮಧ್ಯಾಹ್ನ ಬಾಗಿಲು ಮುಚ್ಚುವುದರಿಂದ ಸಂಜೆಯ ದರ್ಶನವೇ ಅನುಕೂಲ.

ಹೋಗುವುದು ಹೇಗೆ?

ಬೆಂಗಳೂರಿನಿಂದ ರಾಮನಗರಕ್ಕೆ ಸುಮಾರು 50 ಕಿ.ಮೀ., ಚನ್ನಪಟ್ಟಣಕ್ಕೆ ಸುಮಾರು 60 ಕಿ.ಮೀ. ಎರಡೂ ಊರುಗಳಿಗೆ ರೈಲು ನಿಲ್ದಾಣಗಳಿವೆ. ಬಸ್ಸಿನಲ್ಲಿ ಬರುವವರು ತಡೆರಹಿತ ಬಸ್ ಹತ್ತದೆ, ರಾಮನಗರ-ಚನ್ನಪಟ್ಟಣ ಊರೊಳಗೆ ಹೋಗುವ ಬಸ್ಸೇ ಎಂದು ನಿರ್ವಾಹಕರನ್ನು ಕೇಳಿಕೊಳ್ಳಬೇಕು. ಸ್ವಂತ ವಾಹನದವರು ಬೈಪಾಸ್‌ಗೆ ಏರದೆ ಹಳೆಯ ರಸ್ತೆಯನ್ನೇ ಹಿಡಿಯಬೇಕು. ಜಾನಪದ ಲೋಕದ ರಜಾ ದಿನ ಹಾಗೂ ರಣಹದ್ದು ಧಾಮದ ಪ್ರವೇಶದ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಸೂಕ್ತ.