ಎರಡು ವರುಷವೋ, ನಾಲ್ಕು ವರುಷವೋ? ದಾದಿಯರ ವಿದ್ಯೆ ನಡೆದು ಬಂದ ದಾರಿ

ಶತಮಾನೋತ್ಸವದ ಸಂಚಿಕೆಯಲ್ಲಿ ದೇವಾಲಯವನ್ನು ಕಟ್ಟಿಸಿದವರನ್ನು ಸ್ಮರಿಸುವುದು ವಾಡಿಕೆ. ನಾವು ಇಲ್ಲಿ ರೋಗಿಯ ಮಂಚದ ಬಳಿ ನಿಂತವರ ಚರಿತ್ರೆಯನ್ನು ನೆನೆಯಬಯಸುತ್ತೇವೆ. ಅದಕ್ಕೆ ಕಾರಣವುಂಟು. ಗುಂಡಗುರ್ತಿ, ಚಿತ್ತಾಪುರ, ವಾಡಿ, ಶಹಾಬಾದಿನ ನಮ್ಮ ಮನೆಗಳಲ್ಲಿ ಮಗಳು ದಾದಿಯಾಗಬೇಕೆಂದು ಹಂಬಲಿಸಿದೊಡನೆ ಒಂದು ಪ್ರಶ್ನೆ ಏಳುತ್ತದೆ: ಎರಡು ವರುಷದ ಎ.ಎನ್.ಎಂ. ಸಾಕೇ, ನಾಲ್ಕು ವರುಷದ ಬಿ.ಎಸ್ಸಿ. ನರ್ಸಿಂಗ್ ಬೇಕೇ? ಈ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ.

ನೂರು ವರುಷಗಳ ಹಿಂದೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಹಳ್ಳಿಯ ಹೆರಿಗೆ ಸೂಲಗಿತ್ತಿಯ ಕೈಯಲ್ಲಿತ್ತು. ಆಗ ಕಥೋಲಿಕ ಕನ್ಯಾಸ್ತ್ರೀಯರಾದರೂ ಹೆರಿಗೆ ಮಾಡಿಸುವಂತಿರಲಿಲ್ಲವೆಂಬುದನ್ನು ಇಂದಿನವರು ನಂಬುವುದು ಕಷ್ಟ. ಧರ್ಮಸಭೆಯ ನಿಯಮವೇ ಅದಕ್ಕೆ ಅಡ್ಡವಾಗಿತ್ತು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೋರಿಯವರು 1920ರಲ್ಲಿ ನೆರೆಯ ತೆಲುಗು ನಾಡಿನ ಗುಂಟೂರಿಗೆ ಬಂದು ಕನ್ಯಾಮಠವನ್ನು ಸೇರಿದರು. ಅವರು ವೈದ್ಯವೃತ್ತಿಯನ್ನು ಮುಂದುವರಿಸಲು ಪೋಪರ ವಿಶೇಷ ಅಪ್ಪಣೆಯೇ ಬೇಕಾಯಿತು. 1936ರ ಫೆಬ್ರವರಿ 11ರಂದು ರೋಮಿನಿಂದ ಹೊರಟ ಆಜ್ಞೆಯೊಂದು ಈ ತಡೆಯನ್ನು ತೆಗೆಯಿತು. ಅಂದಿನಿಂದ ಕನ್ಯಾಸ್ತ್ರೀಯರು ಪ್ರಸೂತಿ ವಿದ್ಯೆಯನ್ನು ಕಲಿತು ತಾಯಂದಿರ ಸೇವೆಗೆ ಇಳಿಯುವಂತಾಯಿತು. ಗ್ಲೋರಿಯವರೇ 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಸೇವಾಭಾವವೊಂದೇ ಸಾಲದು, ವಿದ್ಯೆಯೂ ಬೇಕೆಂಬುದು ಆ ಪೀಳಿಗೆ ಕಂಡುಕೊಂಡ ಸತ್ಯ. ಮದರ್ ತೆರೇಸಾ ಅವರು 1948ರಲ್ಲಿ ಲೊರೆಟೊ ಮಠವನ್ನು ಬಿಟ್ಟು ಮೊದಲು ಹೋದದ್ದು ಕಲ್ಕತ್ತೆಯ ಬೀದಿಗಲ್ಲ, ಶುಶ್ರೂಷೆಯನ್ನು ಕಲಿಯಲು ಪಾಟ್ನಾದ ಆಸ್ಪತ್ರೆಗೆ. ಕೆಲವೇ ತಿಂಗಳು ಅಲ್ಲಿದ್ದರೆಂಬುದು ನಿಜ. ಆದರೆ ಕಲಿಯದೆ ಬೀದಿಗೆ ಇಳಿಯಲಿಲ್ಲ.

1946ರಲ್ಲಿ ಭೋರ್ ಸಮಿತಿಯ ವರದಿ ಹೊರಬಂದಾಗ ದೇಶದಲ್ಲಿ 43,000 ಜನರಿಗೆ ಒಬ್ಬ ದಾದಿ ಎಂಬ ಲೆಕ್ಕ ಬಯಲಾಯಿತು. ಅದೇ ವರುಷ ದೆಹಲಿ ಹಾಗೂ ವೆಲ್ಲೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಪದವಿ ಆರಂಭವಾಯಿತು. ಆದರೆ ಪದವೀಧರೆಯರಿಗಾಗಿ ಹಳ್ಳಿಗಳು ಕಾದು ಕುಳಿತಿರುವಂತಿರಲಿಲ್ಲ. ಆದಕಾರಣ 1950ರ ದಶಕದಲ್ಲಿ ಎರಡು ವರುಷದ ಎ.ಎನ್.ಎಂ. ತರಬೇತಿ ಹುಟ್ಟಿತು. ಹೀಗೆ ಎರಡು ದಾರಿಗಳೂ ಹೆಚ್ಚುಕಡಿಮೆ ಒಂದೇ ಕಾಲದವು, ಒಂದೇ ಕೊರತೆಯಿಂದ ಹುಟ್ಟಿದವು. ಇವೆರಡರ ನಡುವೆ ಆಸ್ಪತ್ರೆಗಳ ನರ್ಸಿಂಗ್ ಶಾಲೆಗಳ ಡಿಪ್ಲೊಮಾ, ಅಂದರೆ ಜಿ.ಎನ್.ಎಂ., ನಡೆದುಕೊಂಡು ಬಂದಿತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1880ರಲ್ಲಿ ತೆರೆದ ಔಷಧಾಲಯ ಬೆಳೆದು ಆಸ್ಪತ್ರೆಯಾಗಿ, ಅದರ ನರ್ಸಿಂಗ್ ಶಾಲೆ 1960ರಲ್ಲಿ, ಕಾಲೇಜು 1987ರಲ್ಲಿ ಆರಂಭವಾದವು. ಶಾಲೆಗೂ ಕಾಲೇಜಿಗೂ ನಡುವಿನ ಆ ಇಪ್ಪತ್ತೇಳು ವರುಷಗಳೇ ಕರ್ನಾಟಕದ ದಾದಿವಿದ್ಯೆ ಹಿಡಿದ ದಿಕ್ಕನ್ನು ತೋರಿಸುತ್ತವೆ.

ಎ.ಎನ್.ಎಂ. ತರಬೇತಿಯನ್ನು 1977ರಲ್ಲಿ ಹದಿನೆಂಟು ತಿಂಗಳಿಗೆ ಇಳಿಸಿದ್ದರು. ಮುಂದೆ ಅದನ್ನು ಮತ್ತೆ ಎರಡು ವರುಷಕ್ಕೆ ಏರಿಸಬೇಕಾಯಿತು. ಅವಸರದಲ್ಲಿ ಕಡಿಮೆ ಮಾಡಿದ್ದನ್ನು ಅನುಭವ ಹಿಂದಿರುಗಿಸಿತೆಂದೇ ನಾವು ಭಾವಿಸುತ್ತೇವೆ.

ಈಗ ನಮ್ಮ ಮಗಳ ಪ್ರಶ್ನೆಗೆ ಬರೋಣ. ಬಿ.ಎಸ್ಸಿ.ಗೆ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ಎ.ಎನ್.ಎಂ.ಗೂ ಜಿ.ಎನ್.ಎಂ.ಗೂ ಕಲಾ ವಿಭಾಗವಾದರೂ ನಡೆಯುತ್ತದೆ. ಆದುದರಿಂದ ಎರಡೋ ನಾಲ್ಕೋ ಎಂಬುದು ನಿಜವಾಗಿ ತೀರ್ಮಾನವಾಗುವುದು ಪಿ.ಯು.ಸಿ. ಮುಗಿದ ಮೇಲಲ್ಲ, ಎಸ್.ಎಸ್.ಎಲ್.ಸಿ. ಮುಗಿದ ಬೇಸಿಗೆಯಲ್ಲಿ, ಹುಡುಗಿಗೆ ಹದಿನಾರು ತುಂಬುವ ಹೊತ್ತಿಗೆ. ವಿಜ್ಞಾನದ ಕಾಲೇಜು ದೂರ, ಬಸ್ಸಿನ ಓಡಾಟ ಕಷ್ಟ, ಹತ್ತಿರದಲ್ಲಿ ಆರ್ಟ್ಸ್ ಉಂಟಲ್ಲ ಎಂದು ಮನೆಯವರು ಅಂದುಬಿಟ್ಟರೆ, ತಮಗೆ ಅರಿವಿಲ್ಲದೆಯೇ ಅವಳ ನಾಲ್ಕು ವರುಷದ ದಾರಿಯನ್ನು ಮುಚ್ಚಿರುತ್ತಾರೆ. ಈ ತಪ್ಪನ್ನು ನಮ್ಮವರು ಮಾಡಿರುವುದನ್ನು ನಾವು ಬಲ್ಲೆವು. ಹಾಗೆ ಮುಚ್ಚಿದರೂ ಸುತ್ತುದಾರಿಯೊಂದು ಉಳಿದಿದೆ: ಮೂರು ವರುಷದ ಜಿ.ಎನ್.ಎಂ. ಮುಗಿಸಿ, ಬಳಿಕ ಎರಡು ವರುಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿದರೆ ಅವಳೂ ಪದವೀಧರೆಯೇ. ಎ.ಎನ್.ಎಂ. ಮುಗಿಸಿದವಳಿಗೂ ಜಿ.ಎನ್.ಎಂ. ಬಾಗಿಲು ತೆರೆದಿದೆ. ಒಂದು ವರುಷ ಹೆಚ್ಚಾದೀತು, ಎರಡಾದೀತು. ಮದುವೆಯ ಮಾತು ಆ ನಡುವೆ ಬಂದು ಓದನ್ನು ನಿಲ್ಲಿಸದಿದ್ದರೆ ಸಾಕು.

ಎರಡು ವರುಷದವಳನ್ನು ಕೀಳೆನ್ನುವವರನ್ನು ನಾವು ಒಪ್ಪುವುದಿಲ್ಲ. ತೊಗರಿ ಹೊಲದಂಚಿನ ಗುಡಿಸಲಿಗೂ ನಡೆದು ಹೋಗಿ ಬಾಣಂತಿಯನ್ನು ನೋಡಿ ಬರುವವಳು, ಕೂಸಿಗೆ ಲಸಿಕೆ ಹಾಕುವವಳು ಅವಳೇ. 2018ರಿಂದೀಚೆಗೆ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾಡಿ, ಅಲ್ಲಿಗೆ ಬಿ.ಎಸ್ಸಿ. ನರ್ಸಿಂಗ್ ಓದಿದವರನ್ನೂ ಸಮುದಾಯ ಆರೋಗ್ಯಾಧಿಕಾರಿಗಳಾಗಿ ನೇಮಿಸುತ್ತಿದ್ದಾರೆ. ಹೀಗೆ ಎರಡರವಳೂ ನಾಲ್ಕರವಳೂ ಒಂದೇ ಸೂರಿನಡಿ ಕೂರುವಂತಾಗಿದೆ. ಸಂಬಳದಲ್ಲಿ, ಬಡ್ತಿಯಲ್ಲಿ, ಹೊರದೇಶದ ಅವಕಾಶದಲ್ಲಿ ವ್ಯತ್ಯಾಸವುಂಟು, ಅದನ್ನು ಮರೆಮಾಚಲಾಗದು. ಆದಕಾರಣ ಓದುವ ಶಕ್ತಿಯೂ ಮನೆಯಲ್ಲಿ ಅನುಕೂಲವೂ ಇರುವ ಹುಡುಗಿಯನ್ನು ನಾಲ್ಕಕ್ಕೇ ಕಳುಹಿಸಿರೆಂಬುದು ನಮ್ಮ ಅಭಿಪ್ರಾಯ. ಬೇಗ ದುಡಿಯಲೇಬೇಕಾದ ಮನೆಯವಳು ಎರಡರಿಂದ ಆರಂಭಿಸಲಿ.

ಯಾವ ಕೋರ್ಸಾದರೂ ಹಣ ಕಟ್ಟುವ ಮುನ್ನ ಆ ಸಂಸ್ಥೆಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಉಂಟೇ ಎಂದು ಕೇಳಿರಿ. ನಮ್ಮ ಸೀಮೆಯವರಿಗೆ 371(ಜೆ) ವಿಧಿಯಡಿ ಮೀಸಲಾತಿ ಇರುವುದರಿಂದ ಆ ಪ್ರಮಾಣಪತ್ರವನ್ನು ತಹಶೀಲ್ದಾರರ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿರಿ.