ಹಡಗಿನ ತಳದ ಲೇಪನಗಳು: ವಿಷದಿಂದ ಜಾರುಮೈಗೆ

ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆಂಬುದು ಜನಪದರಿಗೆ ಹೊಸ ತಿಳುವಳಿಕೆಯಲ್ಲ. ಯಾವುದಕ್ಕೂ ಅಂಟಿಕೊಳ್ಳದ ಮನಸ್ಸನ್ನು ಸೂಚಿಸಲು ಕನ್ನಡದ ಆಡುಮಾತು ಈ ಹೋಲಿಕೆಯನ್ನೇ ಬಳಸುತ್ತದೆ. ಹಡಗಿನ ತಳಕ್ಕೆ ಇದೇ ಗುಣವನ್ನು ತಂದುಕೊಡುವ ಪ್ರಯತ್ನ ಮಾತ್ರ ಈಚಿನದು. ಅದಕ್ಕೂ ಮುನ್ನ ಸುಮಾರು ಎರಡು ಶತಮಾನಗಳ ಕಾಲ ನೌಕಾಲೋಕವು ಮುಖ್ಯವಾಗಿ ನೆಚ್ಚಿಕೊಂಡಿದ್ದು ವಿಷವನ್ನು.

ಉಪ್ಪುನೀರಿನಲ್ಲಿ ಮುಳುಗಿದ ಮೈಯ ಮೇಲೆ ಮೊದಲು ಬ್ಯಾಕ್ಟೀರಿಯಾ ಮತ್ತು ಸೂಕ್ಷ್ಮ ಪಾಚಿಗಳ ಲೋಳೆ ಕಟ್ಟುತ್ತದೆ. ಬಳಿಕ ಗಟ್ಟಿ ಕವಚದ ಬಾರ್ನಕಲ್‌ಗಳೂ ಚಿಪ್ಪುಜೀವಿಗಳೂ ನೆಲೆಸುತ್ತವೆ. ಇದರಿಂದ ಹಡಗಿನ ವೇಗ ಕುಗ್ಗಿ ಇಂಧನದ ವೆಚ್ಚ ಏರುತ್ತದೆ. ಪಶ್ಚಿಮ ಕರಾವಳಿಯ ಮೀನುಗಾರರು ಮರದ ದೋಣಿಗಳಿಗೆ ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಿಯುತ್ತಿದ್ದರು. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು ಇಡುತ್ತಿದ್ದರು. ತಿಂಗಳುಗಟ್ಟಲೆ ಕಡಲಿನಲ್ಲೇ ಇರಬೇಕಾದ ದೊಡ್ಡ ಹಡಗುಗಳಿಗೆ ಈ ಕ್ರಮ ಸಾಲದು.

1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರಂ’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊದಿಸಿತು. ಮರ ಕೊರೆಯುವ ಹುಳು ದೂರವಾಯಿತಾದರೂ ತಾಮ್ರಕ್ಕೆ ತಗುಲಿದ ಕಬ್ಬಿಣದ ಮೊಳೆಗಳು ತಿಂದುಹೋದವು. ಮುಂದೆ 1824ರಲ್ಲಿ ಹಂಫ್ರಿ ಡೇವಿ, ತಾಮ್ರದ ಸವೆತವನ್ನೇ ತಡೆಯಲು ಸತು ಹಾಗೂ ಕಬ್ಬಿಣದ ತುಂಡುಗಳನ್ನು ಅದಕ್ಕೆ ಜೋಡಿಸಿದನು. ಸವೆತ ನಿಂತಿತು, ಆದರೆ ಜೀವಿಗಳು ಹಿಂದಿಗಿಂತ ಹೆಚ್ಚಾಗಿ ಅಂಟಿಕೊಂಡವು. ನೀರಿನಲ್ಲಿ ಕರಗುವ ತಾಮ್ರದ ವಿಷವೇ ಅದುವರೆಗೆ ಹಡಗನ್ನು ಕಾಯುತ್ತಿತ್ತೆಂಬುದು ಈ ಸೋಲಿನಿಂದ ಸ್ಪಷ್ಟವಾಯಿತು.

1960ರ ದಶಕದಿಂದ ಬಳಕೆಗೆ ಬಂದ ಟ್ರೈಬ್ಯುಟೈಲ್ ಟಿನ್ ಬಣ್ಣಗಳು ಇದೇ ಹಾದಿಯ ತುತ್ತತುದಿ. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿಗಳ ಚಿಪ್ಪು ವಿಕಾರಗೊಂಡು, ಮರಿಗಳು ಉಳಿಯದಾದವು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ವಿಷವಿದ್ದರೂ ಕೆಲವು ಕಡಲಬಸವನಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅಂಗ ಮೂಡುತ್ತಿತ್ತು. ಲಾಭ ಹಡಗಿನ ಒಡೆಯರದು, ನಷ್ಟ ಸಿಂಪಿ ಸಾಕಿ ಬದುಕುವವರದು ಎಂಬಂತಾಯಿತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳ ಮೇಲೆ ಇದರ ಬಳಕೆಯನ್ನು ನಿರ್ಬಂಧಿಸಿತು. 2001ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದವು 2008ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದಿತು.

ಹೀಗೆ ಕೊಲ್ಲುವ ಬದಲು ಜಾರಿಸುವ ಮಾರ್ಗ ಮಹತ್ವ ಪಡೆಯಿತು. 1997ರಲ್ಲಿ ಜರ್ಮನಿಯ ಬಾರ್ಟ್‌ಲಾಟ್ ಮತ್ತು ನೈನ್‌ಹುಯಿಸ್, ತಾವರೆಯೆಲೆಯ ಸೂಕ್ಷ್ಮ ಉಬ್ಬುಗಳೂ ಮೇಣವೂ ಕೂಡಿ ನೀರನ್ನು ಹನಿಯಾಗಿ ಉರುಳಿಸುವ ಬಗೆಯನ್ನು ವಿವರಿಸಿದರು. ನ್ಯಾನೊ ಸಂಯುಕ್ತ ಲೇಪನಗಳಲ್ಲಿ ಸಿಲಿಕೋನ್‌ನೊಳಗೆ ಸಿಲಿಕಾದಂತಹ ಅತಿಸೂಕ್ಷ್ಮ ಕಣಗಳನ್ನು ಬೆರೆಸಿ ಅಂಥದೇ ಒರಟುತನವನ್ನು ಮೂಡಿಸಲಾಗುತ್ತದೆ. ಉಬ್ಬುಗಳ ನಡುವೆ ಗಾಳಿ ಸಿಲುಕಿರುವವರೆಗೆ ಜೀವಿಗಳಿಗೆ ಹಿಡಿತ ಸಿಗುವುದು ಕಷ್ಟ.

ಆದರೆ ಬಹುಕಾಲ ಮುಳುಗಿದ್ದರೆ ಆ ಗಾಳಿ ಕರಗಿಹೋಗುತ್ತದೆ. ಉಜ್ಜಾಟಕ್ಕೆ ಸೂಕ್ಷ್ಮ ರಚನೆ ಸವೆಯುತ್ತದೆ. ಕಳಚಿದ ಕಣಗಳು ಸೇರುವುದೂ ಕಡಲನ್ನೇ. ಆದ್ದರಿಂದ ಇಂತಹ ಲೇಪನಗಳನ್ನು ಪ್ರಯೋಗಶಾಲೆಯಲ್ಲಿ ಉರುಳುವ ಹನಿಯಿಂದಷ್ಟೇ ಅಳೆಯಲಾಗದು. ಆರ್ಕಶೋನ್ ಕೊಲ್ಲಿಯ ಅನುಭವ ಕಲಿಸಿದಂತೆ, ಹಡಗಿನ ತಳಕ್ಕೆ ಬಳಿದದ್ದನ್ನು ಕೊನೆಗೆ ಉಣ್ಣುವುದು ಕಡಲು. ಅದರ ಪರೀಕ್ಷೆ ನಡೆಯಬೇಕಾದುದೂ ಅಲ್ಲಿಯ ಜೀವಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ.