ಬಾಟಾ ಎಂಬ ಹೆಸರು ಹುಟ್ಟಿದ ಸೀಮೆ

ಐವತ್ತು ವರ್ಷಗಳ ಹಿಂದೆ, ಶಾಲೆ ತೆರೆಯುವ ಜೂನ್ ತಿಂಗಳ ಮೊದಲ ವಾರದಲ್ಲಿ, ನಮ್ಮ ಪೇಟೆ ಬೀದಿಯ ಬಾಟಾ ಅಂಗಡಿಯ ಮುಂದೆ ಮಕ್ಕಳ ಕೈಹಿಡಿದು ನಿಂತಿರುತ್ತಿದ್ದ ತಂದೆತಾಯಿಗಳ ಗುಂಪನ್ನು ಕಂಡವರಿಗೆ, ನಾನು ಇಂದು ಹೇಳಹೊರಟಿರುವ ನಾಡು ಪೂರ್ತಿ ಅಪರಿಚಿತವೆನಿಸಲಾರದು. ಕಾಲಿನ ಅಳತೆ ತೆಗೆಯುವ ತಣ್ಣನೆಯ ಪಟ್ಟಿ, ಅದರ ಮೇಲೆ ಅಳುಕುತ್ತ ಇಟ್ಟ ಅಂಗಾಲು, ‘ಬರುವ ವರ್ಷಕ್ಕೂ ಆಗಬೇಕು, ಒಂದು ನಂಬರು ದೊಡ್ಡದೇ ಕೊಡಿ’ ಎನ್ನುವ ತಂದೆಯ ಮಾತು, ತೊಂಬತ್ತೈದು ಪೈಸೆಯಲ್ಲಿ ಕೊನೆಗೊಳ್ಳುವ ಬೆಲೆಯ ಚೀಟಿ, ಇವೆಲ್ಲ ನನ್ನ ತಲೆಮಾರಿನವರ ಬಾಲ್ಯಕ್ಕೆ ಸೇರಿದುವು. ಬಾಟಾ ಎಂಬುದು ನಮ್ಮ ದೇಶದ್ದೇ ಹೆಸರೆಂದು ನಾನು ಬಹುಕಾಲ ನಂಬಿದ್ದೆ. ಟಾಟಾ ಇದ್ದಂತೆ ಬಾಟಾ, ಪ್ರಾಸವೂ ಕೂಡುತ್ತದೆಯಲ್ಲ! ಅದೊಂದು ಚೆಕ್ ಮನೆತನದ ಹೆಸರೆಂದೂ, ಅದರ ಮೂಲದ ಉಚ್ಚಾರಣೆ ‘ಬಾತ್ಯ’ ಎನ್ನುವುದಕ್ಕೆ ಹತ್ತಿರವೆಂದೂ ತಿಳಿದದ್ದು ನಾನು ಅಧ್ಯಾಪಕನಾದ ಮೇಲೆ. ಕೆಲವು ವರ್ಷಗಳ ಹಿಂದೆ ಆ ಮನೆತನದ ಊರಿನಲ್ಲೂ ಅದರ ಸುತ್ತಣ ಸೀಮೆಯಲ್ಲೂ ಹತ್ತು ದಿನ ಅಲೆದಾಡುವ ಅವಕಾಶ ಒದಗಿತು. ಆ ಸೀಮೆಯ ಹೆಸರು ಝ್ಲೀನ್.

ಚೆಕ್ ದೇಶದ ಪೂರ್ವದ ಅಂಚಿನಲ್ಲಿ, ಮೊರಾವಿಯ ಎಂಬ ಪ್ರಾಚೀನ ಪ್ರಾಂತದಲ್ಲಿ, ಸ್ಲೊವಾಕಿಯದ ಗಡಿಗೆ ತಾಗಿಕೊಂಡು ಈ ಸೀಮೆ ಇದೆ. ಆಡಳಿತದ ಘಟಕವಾಗಿ ಇದು ರೂಪುಗೊಂಡದ್ದು 2000ದಲ್ಲಿ. ವಿಸ್ತೀರ್ಣ ನಾಲ್ಕು ಸಾವಿರ ಚದರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಜನಸಂಖ್ಯೆ ಆರು ಲಕ್ಷದೊಳಗೆ. ನಮ್ಮ ಕೊಡಗು ಜಿಲ್ಲೆಯನ್ನು ಮನಸ್ಸಿಗೆ ತಂದುಕೊಂಡರೆ ಗಾತ್ರದ ಅಂದಾಜು ಸಿಕ್ಕೀತು. ಆದರೆ ಆಡಳಿತದ ಗೆರೆಗಳಿಗಿಂತ ಹಳೆಯದಾದ ಮೂರು ಜನಪದ ಸೀಮೆಗಳು ಇಲ್ಲಿ ಒಂದನ್ನೊಂದು ಕೂಡುತ್ತವೆ. ಪಶ್ಚಿಮಕ್ಕೆ ಹನಾ, ಗೋಧಿ ಬೆಳೆಯುವ ಸಮತಟ್ಟು ನೆಲ. ದಕ್ಷಿಣಕ್ಕೆ, ಮೊರಾವಾ ನದಿಯ ಇಕ್ಕೆಲದಲ್ಲಿ, ದ್ರಾಕ್ಷಿತೋಟಗಳ ಮತ್ತು ಹಾಡುಗಾರರ ಸ್ಲೊವಾತ್ಸ್ಕೊ. ಪೂರ್ವೋತ್ತರಕ್ಕೆ ಬೆಸ್ಕಿದಿ ಬೆಟ್ಟಗಳ ವಲಾಶ್ಸ್ಕೊ. ಕಾರ್ಪೇಥಿಯನ್ ಪರ್ವತಶ್ರೇಣಿಯ ಗುಂಟ ಕುರಿಹಿಂಡುಗಳೊಡನೆ ಬಂದು ನೆಲೆಸಿದವರ ಸೀಮೆ. ಅಲ್ಲಿನ ರಾದ್‌ಹೋಷ್ಟ್ ಬೆಟ್ಟ 1129 ಮೀಟರ್ ಎತ್ತರದ್ದು. ಬೆಟ್ಟದ ಬುಡದ ರೋಜ್ನೊವ್ ಊರಿನಲ್ಲಿ ಹಳೆಯ ಮರದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿರುವ ಬಯಲು ವಸ್ತುಸಂಗ್ರಹಾಲಯವೊಂದಿದೆ, 1925ರಲ್ಲಿ ಆರಂಭವಾದದ್ದು. ಎಲ್ಲೆಡೆಯೂ ಪ್ಲಮ್ ಹಣ್ಣಿನ ಮರಗಳು. ಹಣ್ಣಿನಿಂದ ಬಟ್ಟಿಯಿಳಿಸುವ ಮದ್ಯದ ವಿಷಯದಲ್ಲಿ ಊರೂರಿಗೂ ಅಭಿಮಾನ. ನಾನು ರುಚಿ ನೋಡಲಿಲ್ಲವಾದ್ದರಿಂದ ತೀರ್ಪು ಕೊಡಲಾರೆ.

ಭಾಷೆಯನ್ನು ಪಾಠ ಹೇಳಿ ಬದುಕಿದ ನನ್ನಂಥವನ ಕಾಲು ಮೊದಲು ಎಳೆದದ್ದು ವೆಲೆಹ್ರಾದ್ ಎಂಬ ಹಳ್ಳಿಯ ಕಡೆಗೆ. ಒಂಬತ್ತನೆಯ ಶತಮಾನದಲ್ಲಿ ಈ ಭಾಗದಲ್ಲಿ ಮಹಾಮೊರಾವಿಯ ಎಂಬ ರಾಜ್ಯವಿತ್ತು. ಅದರ ದೊರೆ ರಸ್ತಿಸ್ಲಾವ್ ಬೈಜಾಂಟಿಯಮ್ಮಿನ ಚಕ್ರವರ್ತಿಗೆ ಒಂದು ವಿನಂತಿ ಕಳುಹಿಸಿದ: ನಮ್ಮ ಜನಕ್ಕೆ ಅವರ ಮಾತಿನಲ್ಲೇ ಧರ್ಮವನ್ನು ತಿಳಿಸಬಲ್ಲವರು ಬೇಕು. ಸೈನ್ಯವನ್ನಲ್ಲ, ಬಲ್ಲವರನ್ನು ಕೇಳಿದ ದೊರೆ! 863ರಲ್ಲಿ ಥೆಸಲೊನೀಕಿಯ ಇಬ್ಬರು ಸಹೋದರರು, ಸಿರಿಲ್ ಮತ್ತು ಮೆಥೋಡಿಯಸ್, ಇಲ್ಲಿಗೆ ಬಂದರು. ಸ್ಲಾವಿಕ್ ನುಡಿಗೆಂದೇ ಸಿರಿಲ್ ‘ಗ್ಲಗೊಲಿತಿಕ್’ ಎಂಬ ಹೊಸ ಲಿಪಿಯನ್ನು ರೂಪಿಸಿದ್ದ. ಲ್ಯಾಟಿನ್ ಬಲ್ಲ ಜರ್ಮನ್ ಪಾದ್ರಿಗಳಿಗೆ ಇದು ಸಹನೆಯಾಗಲಿಲ್ಲ. ಹಳ್ಳಿಗರ ಮಾತಿನಲ್ಲಿ ಪೂಜೆಯೇ? ಮೆಥೋಡಿಯಸನನ್ನು ಸೆರೆಯಲ್ಲಿಟ್ಟರು, 885ರಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯರನ್ನು ದೇಶದಿಂದ ಹೊರಗೆ ಅಟ್ಟಿದರು. ಅಟ್ಟಿಸಿಕೊಂಡವರು ಆ ವಿದ್ಯೆಯನ್ನು ಬಲ್ಗೇರಿಯಕ್ಕೆ ಒಯ್ದರು. ಇಂದು ರಷ್ಯನ್ ಭಾಷೆಯನ್ನು ಬರೆಯುವ ಲಿಪಿ ಅಲ್ಲಿ ಬೆಳೆದದ್ದು, ಅದಕ್ಕೆ ಸಿರಿಲ್‌ನ ಹೆಸರೇ ನಿಂತಿತು. ಬಿತ್ತಿದ್ದು ಒಂದು ಹೊಲದಲ್ಲಿ, ಫಸಲು ಬಂದದ್ದು ಇನ್ನೊಂದರಲ್ಲಿ.

ವೆಲೆಹ್ರಾದ್‌ನಲ್ಲಿ ಈಗ ಕಾಣುವುದು ಹದಿಮೂರನೆಯ ಶತಮಾನದಲ್ಲಿ ಸ್ಥಾಪಿತವಾದ ಮಠದ ಸ್ಥಳದಲ್ಲಿ ನಿಂತಿರುವ ಭವ್ಯ ದೇವಾಲಯ. ಸಹೋದರರ ಸ್ಮರಣೆಗೆ ಪ್ರತಿವರ್ಷ ಜುಲೈ 5ರಂದು ಜಾತ್ರೆ ನೆರೆಯುತ್ತದೆ. 1985ರಲ್ಲಿ, ಕಮ್ಯೂನಿಸ್ಟ್ ಆಳ್ವಿಕೆಯಿನ್ನೂ ಬಿಗಿಯಾಗಿದ್ದಾಗ, ಮೆಥೋಡಿಯಸ್ ತೀರಿ ಹನ್ನೊಂದು ನೂರು ವರ್ಷವಾದ ನೆನಪಿಗೆ ಲಕ್ಷಕ್ಕೂ ಮಿಕ್ಕ ಜನ ಇಲ್ಲಿ ಸೇರಿದ್ದರು. ಸರಕಾರದ ಮಂತ್ರಿ ಆ ಹಬ್ಬವನ್ನು ಶಾಂತಿ ಸಮ್ಮೇಳನವೆಂದು ಕರೆಯಲು ಹೋದಾಗ ಜನಸಮೂಹ ಕೂಗಿ ಅವನ ಬಾಯಿ ಮುಚ್ಚಿಸಿತಂತೆ.

ಇದೇ ನೆಲದಲ್ಲಿ, 1592ರ ಮಾರ್ಚ್ 28ರಂದು, ಯಾನ್ ಆಮೋಸ್ ಕೊಮೆನ್ಸ್ಕೀ ಹುಟ್ಟಿದ. ನಮ್ಮ ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಕಮೀನಿಯಸ್ ಎಂಬ ಹೆಸರಿನಿಂದ ಬರುವವನು ಇವನೇ. ಊರು ಯಾವುದು ಎಂಬ ಬಗ್ಗೆ ಉಹೆರ್ಸ್ಕೀ ಬ್ರೋದ್, ನಿವ್ನಿತ್ಸೆ, ಕೊಮ್ನಾ ಎಂಬ ಮೂರು ಊರುಗಳು ಇಂದಿಗೂ ಜಗಳವಾಡುತ್ತವೆ. ಕವಿಗಳ ಜನ್ಮಸ್ಥಳದ ಚರ್ಚೆಯಲ್ಲಿ ಪಳಗಿದ ನನಗೆ ಇದು ಬಹಳ ಆಪ್ತವೆನಿಸಿತು. ಪ್ಲೇಗಿಗೆ ಹೆಂಡತಿಯನ್ನೂ ಮಕ್ಕಳನ್ನೂ ಕಳೆದುಕೊಂಡ. ಮತದ ಕಾರಣಕ್ಕೆ 1628ರಲ್ಲಿ ದೇಶ ಬಿಟ್ಟ. ಆಶ್ರಯ ಪಡೆದ ಪೋಲೆಂಡಿನ ಲೆಶ್ನೋ ಪಟ್ಟಣ 1656ರಲ್ಲಿ ಬೆಂಕಿಗೆ ಆಹುತಿಯಾದಾಗ ಅವನ ಹಸ್ತಪ್ರತಿಗಳೂ ಸುಟ್ಟವು. ಆ ಬೂದಿಯಿಂದೆದ್ದು ಎರಡೇ ವರ್ಷದಲ್ಲಿ, 1658ರಲ್ಲಿ, ಮಕ್ಕಳಿಗಾಗಿ ಚಿತ್ರಗಳ ಮೂಲಕ ಮಾತು ಕಲಿಸುವ ‘ಆರ್ಬಿಸ್ ಪಿಕ್ಟಸ್’ ಎಂಬ ಪುಸ್ತಕವನ್ನು ಪ್ರಕಟಿಸಿದ. ‘ಅ’ ಅಕ್ಷರದ ಪಕ್ಕದಲ್ಲಿ ಅರಸನ ಚಿತ್ರ ನೋಡಿ ಓದು ಕಲಿತ ನಾವೆಲ್ಲರೂ ಎಷ್ಟೋ ಕೈ ದಾಟಿ ಬಂದ ಅವನ ಶಿಷ್ಯರೇ. ಅವನ ಹುಟ್ಟುಹಬ್ಬ ಅಲ್ಲಿ ಶಿಕ್ಷಕರ ದಿನ. ಅವನ ಸಮಾಧಿ ಮಾತ್ರ ದೂರದ ಹಾಲೆಂಡಿನಲ್ಲಿದೆ.

ಕ್ರೊಮ್ಯೆರ್ಷೀಜ್ ನಗರದ ಬಿಷಪ್ಪರ ಅರಮನೆ, 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅದರ ಉದ್ಯಾನಗಳು, ಅಲ್ಲಿರುವ ಟಿಷಿಯನ್ನನ ಚಿತ್ರ, ಲುಹಾಚೊವಿತ್ಸೆಯ ಖನಿಜಜಲದ ಬುಗ್ಗೆಗಳು, ವ್ಲ್ಚ್ನೊವ್ ಹಳ್ಳಿಯಲ್ಲಿ ಬಾಲಕನೊಬ್ಬನಿಗೆ ಹೆಣ್ಣುಡುಗೆ ತೊಡಿಸಿ, ಬಾಯಲ್ಲಿ ಗುಲಾಬಿ ಕಚ್ಚಿಸಿ, ಕುದುರೆಯ ಮೇಲೆ ಮೆರೆಸುವ ‘ರಾಜರ ಸವಾರಿ’, ಇವನ್ನೆಲ್ಲ ವಿವರಿಸಲು ಸಮಯವಿಲ್ಲ. ನಾನು ಝ್ಲೀನ್ ನಗರಕ್ಕೆ ಬರಬೇಕು.

1894ರಲ್ಲಿ ಝ್ಲೀನ್ ಮೂರು ಸಾವಿರದಷ್ಟು ಜನರಿದ್ದ ಪುಟ್ಟ ಊರು. ತಲೆತಲಾಂತರದಿಂದ ಪಾದರಕ್ಷೆ ಹೊಲಿಯುತ್ತಿದ್ದ ಮನೆತನದ ತೊಮಾಷ್ ಬಾಟಾ ಅಣ್ಣ ಆಂತೊನೀನ್ ಮತ್ತು ಅಕ್ಕ ಆನ್ನಾ ಅವರೊಡನೆ ಆ ವರ್ಷ ಒಂದು ಕಸುಬುಮನೆ ತೆರೆದ. ಆಗ ಅವನಿಗೆ ಹದಿನೆಂಟು ವರ್ಷ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಬೂಟುಗಳ ಗುತ್ತಿಗೆ ಅವನನ್ನು ದೊಡ್ಡವನನ್ನಾಗಿ ಮಾಡಿತು. ಯುದ್ಧಾನಂತರದ ಮುಗ್ಗಟ್ಟು ಮುಳುಗಿಸುವ ಹಂತಕ್ಕೂ ತಂದಿತು. 1922ರ ಸೆಪ್ಟೆಂಬರಿನಲ್ಲಿ, ಉಳಿದ ವ್ಯಾಪಾರಿಗಳು ಬೆಲೆ ಇಳಿಸಲು ಹೆದರುತ್ತಿದ್ದಾಗ, ಅವನು ತನ್ನ ಬೂಟುಗಳ ಬೆಲೆಯನ್ನು ಒಮ್ಮೆಗೇ ಅರ್ಧಕ್ಕೆ ಇಳಿಸಿದ. ಕಾರ್ಮಿಕರ ಕೂಲಿಯನ್ನೂ ನೂರಕ್ಕೆ ನಲವತ್ತರಷ್ಟು ಕಡಿದ. ಪ್ರತಿಯಾಗಿ ಕಂಪನಿಯ ಅಂಗಡಿಯಲ್ಲಿ ಅವರಿಗೆ ದಿನಬಳಕೆಯ ಸಾಮಾನುಗಳನ್ನು ಅರ್ಧ ಬೆಲೆಗೆ ಕೊಡಿಸಿದ. ಗೋದಾಮು ಬರಿದಾಯಿತು, ಕಾರ್ಖಾನೆ ಉಳಿಯಿತು. ಮರುವರ್ಷವೇ ಊರಿನ ಮೇಯರನಾಗಿ ಆಯ್ಕೆಯಾದ.

ಒಡೆಯನೂ ಅವನೇ, ನಗರಪಿತನೂ ಅವನೇ. ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ: ಒಬ್ಬನು ಕಟ್ಟಿಕೊಟ್ಟ ಊರು ಯಾರದು? ಬಾಟಾ ಕಟ್ಟಿದ್ದು ಬರಿಯ ಕಾರ್ಖಾನೆಯಲ್ಲ. ವಾಸ್ತುಶಿಲ್ಪಿ ಗಹುರಾನ ಕಲ್ಪನೆಯಂತೆ ಇಡೀ ನಗರ ತೋಟದ ನಡುವೆ ಎದ್ದಿತು. ಕಾರ್ಮಿಕರಿಗೆ ಕೆಂಪು ಇಟ್ಟಿಗೆಯ, ಚಪ್ಪಟೆ ಮಾಡಿನ, ಪೆಟ್ಟಿಗೆಯಂಥ ಮನೆಗಳು, ಸುತ್ತ ಹುಲ್ಲು, ಹಿಂದೆ ಕಾಡು. ಕಾರ್ಖಾನೆಯ ಕಾಂಕ್ರೀಟು ಕಂಬಗಳ ನಡುವಣ ಅಂತರ 6.15 ಮೀಟರ್, ಅದೇ ಅಳತೆಯಲ್ಲಿ ಹೋಟೆಲು, ಶಾಲೆ, ಅಂಗಡಿಗಳೂ ಎದ್ದವು. ಆಸ್ಪತ್ರೆ ಬಂತು, ಎರಡೂವರೆ ಸಾವಿರ ಜನ ಕೂರುವ ಚಿತ್ರಮಂದಿರ ಬಂತು. ಮುಂದೆ ಚಂಡೀಗಢವನ್ನು ರೂಪಿಸಿದ ಲ ಕಾರ್ಬ್ಯೂಸಿಯೇ 1935ರಲ್ಲಿ ಇಲ್ಲಿಗೆ ಬಂದು ಒಂದು ನಕ್ಷೆ ಬರೆದುಕೊಟ್ಟ. ಅದನ್ನು ಇವರು ಒಪ್ಪಲಿಲ್ಲ. ಪ್ರತಿಯೊಂದು ಕಾರ್ಯಾಗಾರವೂ ತನ್ನ ಲೆಕ್ಕ ತಾನೇ ಇಟ್ಟು, ಹಿಂದಿನ ಕಾರ್ಯಾಗಾರದಿಂದ ಕೊಂಡು ಮುಂದಿನದಕ್ಕೆ ಮಾರುವ ಪದ್ಧತಿಯಿತ್ತು. ಲಾಭದಲ್ಲಿ ಕೆಲಸಗಾರರಿಗೆ ಪಾಲಿತ್ತು. ಆದರೆ ಅವರ ಖಾಸಗಿ ಬದುಕಿನ ಮೇಲೂ ಕಂಪನಿಯ ಕಣ್ಣಿತ್ತು. ಸಂಘ ಕಟ್ಟುವವರಿಗೆ ಅಲ್ಲಿ ಜಾಗವಿರಲಿಲ್ಲ. ಹದಿಹರೆಯದ ಹುಡುಗರನ್ನು ವಿದ್ಯಾರ್ಥಿನಿಲಯಗಳಲ್ಲಿಟ್ಟು, ಗಡಿಯಾರದ ಮುಳ್ಳಿನಂತೆ ನಡೆಸಿ, ಕೆಲಸ ಕಲಿಸಲಾಗುತ್ತಿತ್ತು. 1941ರಲ್ಲಿ ಅಂಥ ಹುಡುಗನೊಬ್ಬನನ್ನು ಕಂಪನಿಯ ಓಟದ ಪಂದ್ಯಕ್ಕೆ ಹೆಸರಿಸಿದಾಗ ಅವನು ಮೈ ಸರಿಯಿಲ್ಲವೆಂದು ತಪ್ಪಿಸಿಕೊಳ್ಳಲು ನೋಡಿದ. ವೈದ್ಯರು ಪರೀಕ್ಷಿಸಿ ‘ಓಡು’ ಎಂದರು. ಎರಡನೆಯವನಾಗಿ ಬಂದ ಆ ಹುಡುಗನೇ ಎಮಿಲ್ ಝಾಟೊಪೆಕ್. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಮೂರು ಚಿನ್ನದ ಪದಕ ಗೆದ್ದವನು.

ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಅದರೊಳಗೆ ಬಾಳಲು ನನ್ನಿಂದ ಆಗುತ್ತಿರಲಿಲ್ಲ ಎಂಬುದೂ ನಿಜ.

1932ರ ಜುಲೈ 12ರ ಬೆಳಗ್ಗೆ, ದಟ್ಟ ಮಂಜಿನಲ್ಲಿ ಸ್ವಿಟ್ಜರ್ಲೆಂಡಿಗೆ ಹೊರಟ ಬಾಟಾನ ಪುಟ್ಟ ವಿಮಾನ ಪಕ್ಕದ ಒತ್ರೊಕೊವಿತ್ಸೆಯಲ್ಲಿ ಉರುಳಿಬಿತ್ತು. ಅವನೂ ಚಾಲಕನೂ ಸತ್ತರು. ಅವನ ನೆನಪಿಗೆ ಗಹುರಾ ಕಟ್ಟಿದ ಗಾಜಿನ ಮಂದಿರದಲ್ಲಿ ಅದೇ ಬಗೆಯ ವಿಮಾನವನ್ನು ತೂಗುಹಾಕಲಾಗಿತ್ತು. ಮಲತಮ್ಮ ಯಾನ್ ಆಂತೊನೀನ್ ವ್ಯವಹಾರ ವಹಿಸಿಕೊಂಡು ಜಗತ್ತಿನೆಲ್ಲೆಡೆ ಹಬ್ಬಿಸಿದ. 1934ರಲ್ಲಿ ಹೂಗ್ಲಿ ನದಿಯ ದಡದಲ್ಲಿ ಆರಂಭವಾದ ಬಾಟಾನಗರ ಆ ಕೊಂಬೆಯದೇ ಚಿಗುರು. ನಮ್ಮ ಪೇಟೆ ಬೀದಿಯ ಅಂಗಡಿಗೆ ಬೂಟು ಬರುತ್ತಿದ್ದ ದಾರಿ ಅದು.

ಹಿಟ್ಲರನ ಸೈನ್ಯ 1939ರ ಮಾರ್ಚಿನಲ್ಲಿ ದೇಶವನ್ನು ಆಕ್ರಮಿಸಿದಾಗ ಕಂಪನಿ ತನ್ನ ಯೆಹೂದಿ ನೌಕರರಲ್ಲಿ ಹಲವರನ್ನು ಹೊರದೇಶದ ಶಾಖೆಗಳಿಗೆ ಕಳುಹಿಸಿತು. ಬಾಟಾ ಆಸ್ಪತ್ರೆಯ ಒಬ್ಬ ವೈದ್ಯ ಹೆಂಡತಿ, ಇಬ್ಬರು ಪುಟ್ಟ ಗಂಡುಮಕ್ಕಳೊಡನೆ ಸಿಂಗಪುರಕ್ಕೆ ಹೋದ. ಜಪಾನೀಯರು ಅಲ್ಲಿಗೂ ಬಂದರು. ತಂದೆ ಉಳಿಯಲಿಲ್ಲ, ತಾಯಿ ಮಕ್ಕಳೊಡನೆ ಭಾರತಕ್ಕೆ ಬಂದು ಡಾರ್ಜಿಲಿಂಗಿನ ಬಾಟಾ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಆ ಮಕ್ಕಳಲ್ಲಿ ಕಿರಿಯವನು 1937ರಲ್ಲಿ ಝ್ಲೀನ್‌ನಲ್ಲಿ ಹುಟ್ಟಿದ್ದ ತೊಮಾಷ್ ಸ್ಟ್ರೌಸ್ಲರ್. ತಾಯಿ ಇಂಗ್ಲಿಷ್ ಸೈನ್ಯಾಧಿಕಾರಿಯೊಬ್ಬನನ್ನು ಮರುಮದುವೆಯಾದ ಮೇಲೆ ಅವನ ಹೆಸರು ಟಾಮ್ ಸ್ಟಾಪರ್ಡ್ ಆಯಿತು. 2025ರ ನವೆಂಬರಿನಲ್ಲಿ ತೀರಿಕೊಂಡ ಆ ಮಹಾ ನಾಟಕಕಾರನ ಬಾಲ್ಯದ ಹಿಂದೆಯೂ ಈ ಪಾದರಕ್ಷೆಯ ಊರು ನಿಂತಿದೆ.

ಯುದ್ಧ ಮುಗಿದ 1945ರಲ್ಲೇ ಕಾರ್ಖಾನೆ ರಾಷ್ಟ್ರೀಕರಣವಾಯಿತು. 1949ರ ಜನವರಿ 1ರಂದು ಊರಿನ ಹೆಸರನ್ನೇ ಬದಲಿಸಿದರು. ಕಮ್ಯೂನಿಸ್ಟ್ ನಾಯಕ ಕ್ಲೆಮೆಂಟ್ ಗೋಟ್‌ವಾಲ್ಡ್‌ನ ಹೆಸರಿನಿಂದ ಅದು ಗೋಟ್‌ವಾಲ್ಡೊವ್ ಆಯಿತು. ಬೂಟುಗಳು ‘ಸ್ವಿತ್’ ಎಂಬ ಹೆಸರಿನಲ್ಲಿ ಹೊರಬಂದವು. ಒಡೆಯ ಬದಲಾದ, ಹೆಸರಿಡುವ ಅಧಿಕಾರ ಜನಕ್ಕೆ ಆಗಲೂ ಬರಲಿಲ್ಲ. ಆದರೆ ಊರಿನ ಕೈ ಸುಮ್ಮನಿರಲಿಲ್ಲ. ಬಾಟಾ ತನ್ನ ಜಾಹೀರಾತುಗಳಿಗೆಂದು ಕುದ್ಲೊವ್ ಗುಡ್ಡದ ಮೇಲೆ ಕಟ್ಟಿದ್ದ ಚಿತ್ರನಿರ್ಮಾಣ ಶಾಲೆಯಲ್ಲಿ ಹೆರ್ಮೀನಾ ತೀರ್ಲೊವಾ ಎಂಬಾಕೆ ಗೊಂಬೆಗಳಿಗೆ ಜೀವ ಬರಿಸಿದಳು. ಕಾರೆಲ್ ಝೆಮಾನ್ 1958ರಲ್ಲಿ ಜ್ಯೂಲ್ಸ್ ವರ್ನನ ಲೋಕವನ್ನು ಹಳೆಯ ಅಚ್ಚಿನ ಚಿತ್ರಗಳಂತೆ ತೆರೆಗೆ ತಂದ. ಮಕ್ಕಳ ಚಿತ್ರೋತ್ಸವ 1961ರಿಂದ ಅಲ್ಲಿ ನಡೆದುಬಂದಿದೆ.

1989ರ ಡಿಸೆಂಬರಿನಲ್ಲಿ, ಆಳ್ವಿಕೆ ಕುಸಿದ ಕೆಲವೇ ದಿನಗಳಲ್ಲಿ, ತೊಮಾಷನ ಮಗ ಐವತ್ತು ವರ್ಷಗಳ ವನವಾಸ ಮುಗಿಸಿ ಕೆನಡಾದಿಂದ ಬಂದಾಗ ಚೌಕದಲ್ಲಿ ಸಾವಿರಾರು ಜನ ಕಾದಿದ್ದರು. 1990ರ ಜನವರಿ 1ಕ್ಕೆ ಊರಿಗೆ ಝ್ಲೀನ್ ಎಂಬ ಹೆಸರು ಮರಳಿತು. ಅದನ್ನು ಬಾಟಾ ಕೊಟ್ಟದ್ದಲ್ಲ, ಪಕ್ಷ ಕೊಟ್ಟದ್ದಲ್ಲ, ಅವರಿಬ್ಬರಿಗಿಂತ ಮುಂಚಿನದು. ಕಾರ್ಖಾನೆ ಮಾತ್ರ ಮರಳಲಿಲ್ಲ. ಸ್ವಿತ್ 2000ದಲ್ಲಿ ದಿವಾಳಿಯಾಯಿತು. ಹದಿನಾಲ್ಕು, ಹದಿನೈದನೆಯ ಕಟ್ಟಡಗಳಲ್ಲಿ 2013ರಿಂದ ವಸ್ತುಸಂಗ್ರಹಾಲಯ, ಗ್ರಂಥಾಲಯ, ಚಿತ್ರಶಾಲೆಗಳಿವೆ. 2001ರಲ್ಲಿ ತೊಮಾಷ್ ಬಾಟಾನ ಹೆಸರಿನ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕಾರ್ಖಾನೆಯ ಒಲೆಗೆ ಕಲ್ಲಿದ್ದಲು ಸಾಗಿಸಲು ಮೊರಾವಾ ನದಿಯ ಬದಿಯಲ್ಲಿ 1934ರಿಂದ 38ರವರೆಗೆ ತೋಡಿದ ಕಾಲುವೆಯಲ್ಲಿ ಈಗ ವಿಹಾರದ ದೋಣಿಗಳು.

ಕಡೆಯ ದಿನ ನಾನು ಇಪ್ಪತ್ತೊಂದನೆಯ ಕಟ್ಟಡಕ್ಕೆ ಹೋದೆ. 77 ಮೀಟರಿಗೂ ಎತ್ತರದ, ಹದಿನಾರು ಅಂತಸ್ತಿನ ಈ ಗೋಪುರ ಹಿಂದೆ ಕಂಪನಿಯ ಮುಖ್ಯ ಕಚೇರಿ. ಈಗ ಝ್ಲೀನ್ ಸೀಮೆಯ ಆಡಳಿತ ಕಚೇರಿ. ಇದರ ಒಂದು ಮೂಲೆಯಲ್ಲಿ ಆರು ಮೀಟರ್ ಉದ್ದಗಲದ ಒಂದು ಕೋಣೆಯಿದೆ. ಮೇಜು, ದೂರವಾಣಿ, ಕೈತೊಳೆಯುವ ಬಚ್ಚಲು ಎಲ್ಲವೂ ಇರುವ ಈ ಕೋಣೆಯೇ ಒಂದು ಲಿಫ್ಟು. ಒಡೆಯ ಕುರ್ಚಿಯಿಂದ ಏಳದೆಯೇ ಯಾವ ಅಂತಸ್ತಿಗೆ ಬೇಕಾದರೂ ಹೋಗಿ ನಿಲ್ಲಬಹುದು. ಆದರೆ ಯಾನ್ ಆಂತೊನೀನ್ ದೇಶ ಬಿಟ್ಟು ಹೋಗಬೇಕಾಯಿತು. ಮುಂದೆ 1947ರಲ್ಲಿ ಅವನ ಗೈರುಹಾಜರಿಯಲ್ಲೇ ಶಿಕ್ಷೆ ವಿಧಿಸಿದರು. ಅವನು ಬ್ರೆಜಿಲಿನಲ್ಲಿ ತೀರಿಕೊಂಡು ನಲವತ್ತೆರಡು ವರ್ಷಗಳಾದ ಮೇಲೆ, 2007ರಲ್ಲಿ, ನಿರ್ದೋಷಿಯೆಂದರು. ತನಗಾಗಿ ಮಾಡಿಸಿದ ಕೋಣೆಯಲ್ಲಿ ಕೂತು ಆಳುವ ಯೋಗ ಅವನಿಗೆ ಬರಲಿಲ್ಲ.

ಆ ಕೋಣೆಯನ್ನು ತೋರಿಸುತ್ತಿದ್ದ ತರುಣ ನನ್ನ ಊರು ಕೇಳಿದ. ಭಾರತವೆಂದೆ. ‘ಹಾಗಾದರೆ ಬಾಟಾ ನಿಮ್ಮದೇ ಕಂಪನಿ ಎಂದುಕೊಂಡಿರುತ್ತೀರಿ, ಅಲ್ಲವೇ?’ ಎಂದು ನಗುತ್ತ ನನ್ನ ಕಾಲಿನ ಕಡೆ ನೋಡಿದ. ಅಂದು ನಾನು ಹಾಕಿಕೊಂಡಿದ್ದುದು ಬೇರೆ ಯಾವುದೋ ಕಂಪನಿಯ ಬೂಟು. ಹೆಬ್ಬೆರಳನ್ನು ಒಳಕ್ಕೆಳೆದುಕೊಂಡೆ, ಅಳತೆಯ ಪಟ್ಟಿಯ ಮೇಲೆ ನಿಂತ ಹುಡುಗನಂತೆ.